ಆಮೇಲೆ ಮಾತಾಡೋಣ

ಡ್ರೈವಿಂಗ್ ಮೇಷ್ಟ್ರು ಆ ಹಾಡನ್ನು ಮೊದಲ ಸಲ ಕೇಳಿದ್ದು ತಮ್ಮದೇ ಕಾರಿನಲ್ಲಿ. ಸ್ಟಿಯರಿಂಗ್ ಹಿಡಿದಿದ್ದವಳು ಬ್ಯಾಂಕಿನ ಹೆಂಗಸು. ಹಾಡು ಹಾಕಿಕೊಂಡರೆ ಕೈ ನಡುಗುವುದಿಲ್ಲ ಎಂದು ಅವಳು ಮೊದಲ ದಿನವೇ ಹೇಳಿದ್ದಳು. ಮೇಷ್ಟ್ರು ಒಪ್ಪಿದ್ದರು. ಕಲಿಯುವವರ ಕೈ ನಡುಗುವುದಕ್ಕಿಂತ ಹಾಡು ವಾಸಿ.

"ಕ್ಲಚ್ ನಿಧಾನಕ್ಕೆ ಬಿಡಿ. ಇನ್ನೂ ನಿಧಾನ. ಗಾಬರಿ ಆಗ್ಬೇಡಿ, ಬ್ರೇಕು ನನ್ನ ಕಾಲ ಕೆಳಗೂ ಇದೆ," ಎಂದರು. ಬೆಳಗಿನಿಂದ ಸಂಜೆಯವರೆಗೆ ಅವರು ಹೇಳುವ ಮಾತು ಇದು. ಹೀಗೆ ಹೇಳಿ ಹೇಳಿಯೇ ಅರ್ಧ ಊರಿಗೆ ಕಾರು ಕಲಿಸಿದ್ದರು.

ಕಾರು ಅಂಚೆ ಕಚೇರಿ ದಾಟುತ್ತಿದ್ದಾಗ ರೇಡಿಯೋದಲ್ಲಿ ಹೊಸ ಹಾಡು ಶುರುವಾಯಿತು. ಮೊದಲು ಡ್ರಮ್ಮಿನ ಸದ್ದು, ಅದರ ಹಿಂದೆ ಒಂದು ಹುಡುಗಿಯ ದನಿ. ದನಿ ಕೇಳಿದ್ದೇ ಮೇಷ್ಟ್ರ ಕಿವಿ ನೆಟ್ಟಗಾದವು. ಪುಟ್ಟಿ, ಅವರ ಮಗಳು. ಸೂಪರ್ ಮಾರ್ಕೆಟ್ಟಿನಲ್ಲಿ ಮೈಕಿನ ಮುಂದೆ ಕೂತು ಯಾವ ಸಾಮಾನು ಯಾವ ಮಹಡಿಯಲ್ಲಿದೆ ಎಂದು ಹೇಳುವುದು ಅವಳ ಕೆಲಸ. ಬಿಡುವಿದ್ದಾಗ ಗೆಳೆಯನೊಬ್ಬನ ಕೋಣೆಯಲ್ಲಿ ಹಾಡು ಕಟ್ಟಿ ರೆಕಾರ್ಡ್ ಮಾಡುತ್ತಿದ್ದಳು. ಅವುಗಳಲ್ಲಿ ಒಂದು ರೇಡಿಯೋಕ್ಕೆ ಬಂದದ್ದು ಇದೇ ಮೊದಲು. ನನ್ನ ಮಗಳು ಎಂದು ಬ್ಯಾಂಕಿನ ಹೆಂಗಸಿಗೆ ಹೇಳಬೇಕೆಂದು ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಪಲ್ಲವಿ ಬಂತು.

ಕೆಂಪು ದೀಪದ ಮುಂದೆ ಮನಸು ಬಿಚ್ಚಿಟ್ಟೆ,
ಹಸಿರು ಬಂತು, ಹೊರಡು ಮಗಳೇ, ಆಮೇಲೆ ಮಾತಾಡೋಣ.

ಮೇಷ್ಟ್ರ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಕಾರು ರಸ್ತೆ ನಡುವೆ ಗಕ್ಕನೆ ನಿಂತಿತು.

"ನಾನೇನಾದ್ರೂ ತಪ್ಪು ಮಾಡಿದ್ನಾ ಸರ್?"

"ಇಲ್ಲ. ನಾಯಿ ಅಡ್ಡ ಬಂತು."

"ಎಲ್ಲಿ? ನಂಗೆ ಕಾಣ್ಲೇ ಇಲ್ಲ."

"ಹೋಯ್ತು ಬಿಡಿ. ಮತ್ತೆ ಸ್ಟಾರ್ಟ್ ಮಾಡಿ."

ಹಿಂದಿನ ವರ್ಷ ಒಂದು ಸಂಜೆ ಮೇಷ್ಟ್ರು ಪುಟ್ಟಿಯನ್ನು ಕೆಲಸದಿಂದ ಮನೆಗೆ ಕರೆತರುತ್ತಿದ್ದರು. ಅಭ್ಯಾಸವಾಗಲಿ ಎಂದು ಅವಳ ಕೈಗೇ ಕಾರು ಕೊಟ್ಟಿದ್ದರು. ದೊಡ್ಡ ಸರ್ಕಲ್ಲಿನ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಅವಳು ಎದುರಿನ ಬಸ್ಸನ್ನೇ ನೋಡುತ್ತ ಹೇಳಿದ್ದಳು: "ಅಪ್ಪ, ನಾನು ಯಾವ ಹುಡುಗನ್ನೂ ಮದುವೆ ಆಗಲ್ಲ. ನಾನು ಪ್ರೀತಿಸ್ತಿರೋದು ಹುಡುಗೀನ. ಬರೀ ಫ್ರೆಂಡ್ ಅಲ್ಲ." ಮೇಷ್ಟ್ರೂ ಬಸ್ಸನ್ನೇ ನೋಡಿದರು. ದೀಪ ಬದಲಾಯಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. "ಹಸಿರು ಬಂತು, ಹೊರಡು. ಆಮೇಲೆ ಮಾತಾಡೋಣ," ಎಂದರು ಮೇಷ್ಟ್ರು.

ಆ ಆಮೇಲೆ ಬರಲೇ ಇಲ್ಲ. ಮೊದಮೊದಲು ಅವರು ಮಗಳ ಕೋಣೆಯ ಬಾಗಿಲವರೆಗೆ ಹೋಗಿ, ಫ್ಯಾನ್ ಆರಿಸಿದ್ದೀಯಾ ಎಂದು ಕೇಳಿ ವಾಪಸಾಗುತ್ತಿದ್ದರು. ಬರಬರುತ್ತ ಅದೂ ನಿಂತಿತು.

ಈಗ ಹಾಡು ಮನೆಯೊಳಗೂ ಬಂತು. ಅದನ್ನು ತಂದವರು ಅಜ್ಜಿ, ಮೇಷ್ಟ್ರ ತಾಯಿ. ಇಡೀ ದಿನ ರೇಡಿಯೋ ಕಿವಿಗಂಟಿಸಿಕೊಂಡಿರುವ ಅಜ್ಜಿ ಹುರುಳಿಕಾಯಿ ನಾರು ತೆಗೆಯುತ್ತ ಪಲ್ಲವಿ ಗುನುಗತೊಡಗಿದರು.

"ಅಪ್ಪ ಮಗಳು ರಸ್ತೇಲಿ ಜಗಳ ಆಡೋ ಹಾಡು ಇದು. ಚೆನ್ನಾಗಿದೆ. ಕುಣಿಯೋ ಹಾಗಿದೆ," ಎಂದರು.

ಹಿಗ್ಗಿನಿಂದ ಮೇಷ್ಟ್ರ ಹೆಂಡತಿಯ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಆಕೆ ಒಂದು ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವರು. ಬೆಳಗಾಗುವ ಮುಂಚೆ ಹೊರಟು ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದರು. ಹಾಡು ಬಂದ ಮೇಲೆ ತೋಳು ಚಾಚಿ ಕೂತ ಪ್ರತಿಯೊಬ್ಬರಿಗೂ, ಇದು ನನ್ನ ಮಗಳದು, ಮುಷ್ಟಿ ಬಿಗಿಹಿಡೀರಿ ಎನ್ನುವುದು ರೂಢಿಯಾಗಿಬಿಟ್ಟಿತ್ತು.

"ಅದಿರ್ಲಿ, ಹಾಡಲ್ಲಿ ಮನಸು ಬಿಚ್ಚಿಟ್ಟೆ ಅಂತ ಬರತ್ತಲ್ಲ, ಏನದು?" ಎಂದು ಊಟಕ್ಕೆ ಕೂತಾಗ ಮಗಳನ್ನು ಕೇಳಿದರು. "ಕಾಲೇಜಲ್ಲಿ ನೀನು ಒಂದು ಸಲ ಫೇಲಾಗಿದ್ದೆ, ನಂಗೆ ಹೇಳದೆ ಅಪ್ಪಂಗೆ ಮಾತ್ರ ಹೇಳಿದ್ದೆ. ಅದು ತಾನೆ?"

ಪುಟ್ಟಿ ಅಪ್ಪನ ಮುಖ ನೋಡಿದಳು. ಮೇಷ್ಟ್ರು ಸಾರಿನ ಬಟ್ಟಲು ಎಳೆದುಕೊಂಡರು.

"ಉಪ್ಪು ಒಂದು ಚೂರು ಕಮ್ಮಿ," ಎಂದರು.

"ನಿಮ್ಮನ್ನ ಕೇಳ್ಲಿಲ್ಲ ನಾನು."

"ಹಾಡು ಅಂದ್ಮೇಲೆ ಏನೋ ಒಂದು ಇರತ್ತೆ ಅಮ್ಮ," ಎಂದಳು ಪುಟ್ಟಿ.

ಆ ಮನೆಯಲ್ಲಿ ಪಾತ್ರೆ ತೊಳೆಯುವುದು ಮೇಷ್ಟ್ರ ಪಾಲಿನ ಕೆಲಸ. ಅವರು ಸಿಂಕಿನ ಮುಂದೆ ನಿಂತಿದ್ದಾಗ ಪುಟ್ಟಿ ಹಿಂದೆ ಬಂದು ನಿಂತಳು.

"ಅಪ್ಪ, ಹಾಡು ಕೇಳಿದ್ಯಾ?"

"ಕೇಳ್ದೆ. ರಾಗ ಚೆನ್ನಾಗಿದೆ."

"ನಾನು ರಾಗದ ವಿಷಯ ಕೇಳ್ತಿಲ್ಲ."

"ಈ ಪಾತ್ರೆ ತಳ ಹಿಡಿದುಬಿಟ್ಟಿದೆ ನೋಡು. ನೆನೆಸಿಡ್ಬೇಕು."

ಅವಳು ಹೊರಟುಹೋದಳು. ಮೇಷ್ಟ್ರು ಆ ಪಾತ್ರೆಯನ್ನು ನೆನೆಸಿಡದೆ ಉಜ್ಜುತ್ತಲೇ ನಿಂತರು.

ಮುಂದಿನ ವಾರ ರೇಡಿಯೋದವರು ಪುಟ್ಟಿಯನ್ನು ಮಾತುಕತೆಗೆ ಕರೆದರು. ಅವಳು ಮನೆಯಲ್ಲಿ ಹೇಳಲಿಲ್ಲ. ಆ ಹೊತ್ತಿಗೆ ಲ್ಯಾಬಿನಲ್ಲಿ ಅಮ್ಮ ಒಬ್ಬ ಮುದುಕರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ನರ ಹುಡುಕುತ್ತಿದ್ದರು. ಕೌಂಟರಿನ ಹುಡುಗಿ, "ಅಕ್ಕ, ನಿಮ್ಮ ಮಗಳು," ಎಂದು ರೇಡಿಯೋ ದೊಡ್ಡದು ಮಾಡಿದಳು. ಕಾದು ಕೂತಿದ್ದವರೆಲ್ಲ ಕಿವಿಗೊಟ್ಟರು.

ಕಾರ್ಯಕ್ರಮ ನಡೆಸುವವನು ನಗುತ್ತ ಕೇಳಿದ: "ಅಪ್ಪನ ಹತ್ರ ಬಿಚ್ಚಿಟ್ಟಿದ್ದು ಏನನ್ನ? ಊರೆಲ್ಲ ತಲೆ ಕೆಡಿಸ್ಕೊಂಡಿದೆ."

ಪುಟ್ಟಿಯ ದನಿ ಸೂಪರ್ ಮಾರ್ಕೆಟ್ಟಿನಲ್ಲಿದ್ದಷ್ಟೇ ಸ್ಪಷ್ಟವಾಗಿತ್ತು. "ನಾನು ಒಂದು ಹುಡುಗೀನ ಪ್ರೀತಿಸ್ತಿದೀನಿ ಅಂತ."

"ಓಹೋ. ಅಪ್ಪ ಏನಂದ್ರು?"

"ಹಾಡಲ್ಲಿದ್ಯಲ್ಲ, ಅಷ್ಟೇ."

ಅಮ್ಮನ ಕೈಯಲ್ಲಿ ಸೂಜಿ ಆಗಲೇ ಮುದುಕರ ತೋಳಿನೊಳಗಿತ್ತು. ಆಕೆ ಕೊಳವೆ ತುಂಬುವವರೆಗೆ ಕಾದರು. ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದು, "ಕೈ ಮಡಚ್ಕೊಳ್ಳಿ," ಎಂದರು. ಕೊಳವೆಯ ಮೇಲೆ ಹೆಸರಿನ ಚೀಟಿ ಅಂಟಿಸಿದರು. ಕೌಂಟರಿನ ಹುಡುಗಿ ಮೆಲ್ಲಗೆ ರೇಡಿಯೋ ಆರಿಸಿದಳು.

"ಯಾಕೆ ಆರಿಸ್ದೆ? ಹಾಕು. ಮಿಕ್ಕಿದ್ದು ಏನು ಹೇಳ್ತಾಳೆ ಕೇಳೋಣ," ಎಂದರು ಅಮ್ಮ.

ಆ ದಿನ ಸಂಜೆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಮೇಷ್ಟ್ರು ಚಪ್ಪಲಿ ಬಿಡುವಷ್ಟರಲ್ಲಿ ಹೆಂಡತಿ ಎದುರು ನಿಂತರು.

"ನಿಮಗೆ ಗೊತ್ತಿತ್ತು."

ಮೇಷ್ಟ್ರು ಬಗ್ಗಿ ಚಪ್ಪಲಿಗಳನ್ನು ಜೋಡಿಸಿಟ್ಟರು.

"ಒಂದು ವರ್ಷ ನನ್ನ ಪಕ್ಕದಲ್ಲೇ ಮಲಗಿ ಎದ್ರಿ. ಟೊಮೇಟೊ ಚೆನ್ನಾಗಿಲ್ಲ ಅನ್ನೋದನ್ನೂ ನಂಗೆ ಹೇಳ್ತೀರಿ. ಇದನ್ನ ಹೇಳ್ಲಿಲ್ಲ."

"ಹೇಳೋಣ ಅಂತಾನೇ ಇದ್ದೆ."

"ಯಾವಾಗ? ಆಮೇಲೆ?"

ಅಜ್ಜಿ ತಮ್ಮ ಮಂಚದಿಂದಲೇ, "ಏನಾಯ್ತು? ಯಾರಾದ್ರೂ ನಂಗೂ ಹೇಳ್ರಪ್ಪ," ಎಂದರು. ಅಷ್ಟು ಹೊತ್ತಿಗೆ ಪುಟ್ಟಿ ಒಳಗೆ ಬಂದಳು. ಅವಳ ಮುಖ ನೋಡಿದರೆ ಇದಕ್ಕೆ ತಯಾರಾಗಿಯೇ ಬಂದಂತಿತ್ತು.

"ಹೆತ್ತೋಳಿಗಿಂತ ಮೊದ್ಲು ಮೈಕು ಸಿಕ್ತಾ ನಿಂಗೆ?" ಎಂದರು ಅಮ್ಮ. "ರಕ್ತ ಕೊಡೋಕೆ ಬಂದೋರೆಲ್ಲ ನನ್ನ ಮುಖ ನೋಡ್ತಿದ್ರು. ನಂಗೆ ಎಲ್ಲರ ಜೊತೆ ಗೊತ್ತಾಯ್ತು. ಎಲ್ಲರ ಜೊತೆ."

"ಅಮ್ಮ, ನಿಂಗೆ ಗೊತ್ತಿಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ."

"ಏನು ಹಾಗಂದ್ರೆ?"

"ಅಪ್ಪಂಗೆ ಹೇಳಿದ್ರೆ ನಿಂಗೂ ಹೇಳ್ತಾನೆ ಅಂದ್ಕೊಂಡೆ. ನೀವಿಬ್ರೂ ಎಲ್ಲಾನೂ ಮಾತಾಡ್ಕೋತೀರಿ. ನೀನು ಏನೂ ಕೇಳ್ಲಿಲ್ಲ. ಗೊತ್ತಿದ್ದೂ ಸುಮ್ನಿದೀಯ ಅಂದ್ಕೊಂಡೆ. ಒಂದೊಂದು ದಿನ ನಿನ್ನ ಮುಖ ನೋಡೋಕೂ ಕಷ್ಟ ಆಗ್ತಿತ್ತು."

ಅಮ್ಮ ಕುರ್ಚಿ ಎಳೆದುಕೊಂಡು ಕೂತರು. "ಅಂದ್ರೆ ಇಡೀ ವರ್ಷ ನನ್ನ ಮೇಲೆ ಸಿಟ್ಟಿಟ್ಕೊಂಡು ನಾನು ಬಡಿಸಿದ್ದು ತಿಂದೆ."

"ಹೂಂ."

"ನಾನು ಏನೂ ಮಾಡದೆ."

"ಈಗ ಗೊತ್ತಾಯ್ತಲ್ಲ."

ಇಬ್ಬರೂ ಒಟ್ಟಿಗೆ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಕಾರಿನ ಕೀಲಿಯನ್ನು ಮೊಳೆಗೆ ತಗುಲಿಸಿ, ತೆಗೆದು, ಮತ್ತೆ ತಗುಲಿಸಿದರು.

"ಯಾವ ಹುಡುಗಿ?" ಎಂದು ಅಜ್ಜಿ ಕೇಳಿದರು.

"ಕನ್ನಡಕದಂಗಡಿಯೋಳು ಅಜ್ಜಿ. ನಿಂಗೆ ಮಾಡಿಕೊಟ್ಲಲ್ಲ, ಅವಳೇ."

ಅಜ್ಜಿ ಕನ್ನಡಕ ತೆಗೆದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಮತ್ತೆ ಹಾಕಿಕೊಂಡರು. "ಕಿವಿ ಹಿಂದೆ ಒತ್ತತ್ತೆ ಅಂದಿದ್ದಕ್ಕೆ ಎಷ್ಟು ಸಲ ಬಗ್ಗಿಸಿ ಕೊಟ್ಲು, ಬೇಜಾರೇ ಮಾಡ್ಕೊಳ್ಲಿಲ್ಲ. ಒಳ್ಳೆ ಹುಡುಗಿ." ಸ್ವಲ್ಪ ಯೋಚಿಸಿ, "ಆದ್ರೆ ಇದೇನೋ ನಂಗೆ ಅರ್ಥ ಆಗ್ತಿಲ್ಲ. ಅರ್ಥ ಆಗೋವರೆಗೂ ಯಾರೂ ಊಟ ಬಿಡ್ಬೇಡಿ. ಅಕ್ಕಿ ತೊಳಿ ಪುಟ್ಟಿ," ಎಂದರು.

ಪುಟ್ಟಿ ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು. ಊಟಕ್ಕೆ ಕೂರಲಿಲ್ಲ. ಚೀಲಕ್ಕೆ ಎರಡು ಜೊತೆ ಬಟ್ಟೆ ತುಂಬಿಕೊಂಡು, ಕೆಲವು ದಿನ ಅವಳ ರೂಮಲ್ಲಿರ್ತೀನಿ ಎಂದು ಹೊರಟಳು. ಅಮ್ಮ ಹೋಗು ಅನ್ನಲಿಲ್ಲ, ಇರು ಅನ್ನಲೂ ಇಲ್ಲ.

ಆಮೇಲಿನ ದಿನಗಳಲ್ಲಿ ಮನೆಯ ಕೆಲಸಗಳೆಲ್ಲ ನಡೆಯುತ್ತಿದ್ದವು, ಮಾತು ಮಾತ್ರ ಅಜ್ಜಿಯ ಮೂಲಕ ಹೋಗಿ ಬರಬೇಕಿತ್ತು. ಮೇಷ್ಟ್ರ ಹೆಂಡತಿ ಹಾಸಿಗೆಯನ್ನು ಅಜ್ಜಿಯ ಕೋಣೆಗೆ ಸಾಗಿಸಿದ್ದರು.

"ಅತ್ತೆ, ನಿಮ್ಮ ಮಗನಿಗೆ ಹೇಳಿ, ಗ್ಯಾಸ್ ಮುಗೀತಾ ಬಂದಿದೆ."

"ಅಮ್ಮ, ಅವಳಿಗೆ ಹೇಳು, ಬುಕ್ ಮಾಡ್ತೀನಿ."

"ನಾನೇನು ನಿಮ್ಮ ಮನೆ ಪೋಸ್ಟ್ ಮ್ಯಾನಾ?" ಎಂದು ಅಜ್ಜಿ ರೇಗಿದರು. "ಇಬ್ರಿಗೂ ಕಿವಿ ಇದೆ. ಕಿವಿ ಕೇಳ್ದೆ ಇರೋಳು ನಾನು, ಎಲ್ಲಾ ನಾನೇ ಕೇಳಿಸ್ಕೋಬೇಕು."

ಹಾಡು ಈಗ ಎಲ್ಲ ಕಡೆ ಇತ್ತು. ಹೋಟೆಲಿನಲ್ಲಿ ಗಿರಾಕಿ ಬಿಲ್ ಕೇಳಿದರೆ ಮಾಣಿ ಆಮೇಲೆ ಮಾತಾಡೋಣ ಎಂದು ರಾಗವಾಗಿ ಹೇಳುತ್ತಿದ್ದ. ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊತ್ತ ಮೇಷ್ಟ್ರ ಬಿಳಿ ಕಾರು ಸಿಗ್ನಲ್ಲಿನಲ್ಲಿ ನಿಂತರೆ ಪಕ್ಕದ ಬೈಕಿನವರು, "ಹಸಿರು ಬಂತು ಮೇಷ್ಟ್ರೇ," ಎಂದು ಕೂಗಿ ಹೋಗುತ್ತಿದ್ದರು. ಒಬ್ಬ ನಿವೃತ್ತ ಅಧಿಕಾರಿ ಸೊಸೆಯನ್ನು ತರಬೇತಿಯಿಂದ ಬಿಡಿಸಿದ. ಕಾರಣ ಹೇಳಲು ಖುದ್ದಾಗಿ ಬಂದಿದ್ದ.

"ತಪ್ಪು ತಿಳ್ಕೋಬೇಡಿ. ಮನೇನ ಹತೋಟಿಲಿ ಇಟ್ಕೊಳ್ಳೋಕೆ ಆಗದೋರ ಹತ್ರ ಗಾಡಿ ಹತೋಟಿ ಕಲಿಯೋದು ಹೇಗೆ ಅಂತ ನಮ್ಮನೇಲಿ ಕೇಳ್ತಾರೆ."

ಬ್ಯಾಂಕಿನ ಹೆಂಗಸು ಮಾತ್ರ ಎಂದಿನಂತೆ ಬರುತ್ತಿದ್ದಳು. ಅವಳು ಈಗ ಕಾರು ಹತ್ತಿದೊಡನೆ ರೇಡಿಯೋ ಆರಿಸುತ್ತಿದ್ದಳು. ಹಾಗೆ ಆರಿಸುವುದು ಮೇಷ್ಟ್ರಿಗೆ ಬೈಕಿನವರ ಕೂಗಿಗಿಂತ ಹೆಚ್ಚು ಚುಚ್ಚುತ್ತಿತ್ತು. ಒಂದು ದಿನ ತಾವೇ ಕೈ ಚಾಚಿ ಹಾಕಿದರು.

"ಇರ್ಲಿ ಬಿಡಿ. ನಿಮ್ಮ ಕೈ ನಡುಗತ್ತೆ," ಎಂದರು.

ಇತ್ತ ಅವರ ಹೆಂಡತಿ ಒಂದು ಮಧ್ಯಾಹ್ನ ಲ್ಯಾಬಿನಿಂದ ನೇರವಾಗಿ ಕನ್ನಡಕದಂಗಡಿಗೆ ಹೋದರು. ಅದು ಔಷಧಿ ಅಂಗಡಿಗೂ ಬೀಗ ರಿಪೇರಿಯವನಿಗೂ ನಡುವೆ ಇರುವ ಉದ್ದನೆಯ ಅಂಗಡಿ. ಗಾಜಿನ ಕಪಾಟುಗಳ ಹಿಂದೆ ಗಿಡ್ಡ ಕೂದಲಿನ ಹುಡುಗಿಯೊಬ್ಬಳು ಮಸೂರ ಒರೆಸುತ್ತಿದ್ದಳು. ಬಂದವರನ್ನು ನೋಡಿ ಅವಳ ಕೈ ನಿಂತಿತು. ಫೋಟೋದಲ್ಲಿ ನೋಡಿ ಗುರುತಿತ್ತು ಅನಿಸುತ್ತದೆ.

"ಕಣ್ಣು ತೋರಿಸ್ಬೇಕಿತ್ತು," ಎಂದರು ಮೇಷ್ಟ್ರ ಹೆಂಡತಿ.

"ಬನ್ನಿ ಆಂಟಿ. ಕೂತ್ಕೊಳ್ಳಿ."

ಹುಡುಗಿ ಪರೀಕ್ಷೆಯ ಭಾರದ ಚೌಕಟ್ಟನ್ನು ಆಕೆಯ ಮೂಗಿನ ಮೇಲೆ ಕೂರಿಸಿದಳು. ಒಂದು ಕಣ್ಣು ಮುಚ್ಚಿ ಇನ್ನೊಂದಕ್ಕೆ ಗಾಜು ಹಾಕುತ್ತ, ತೆಗೆಯುತ್ತ ಹೋದಳು. "ಇದು ಚೆನ್ನಾಗಿ ಕಾಣತ್ತಾ, ಇದಾ?"

"ಮೊದಲ್ನೇದು."

"ಈಗ?"

"ಎರಡೂ ಒಂದೇ ಥರ ಇದೆ."

"ಹತ್ತಿರದ್ದು ಓದೋಕೆ ಪವರ್ ಬೇಕು ಆಂಟಿ. ಬಹಳ ದಿನದಿಂದ ಬೇಕಿತ್ತು ಅನ್ಸತ್ತೆ. ಕೆಲಸಕ್ಕೆ ಕಷ್ಟ ಆಗ್ಲಿಲ್ವಾ?"

"ನರ ಕಣ್ಣಿಗೆ ಕಾಣೋದಕ್ಕಿಂತ ಬೆರಳಿಗೆ ಸಿಗೋದು ಜಾಸ್ತಿ," ಎಂದರು ಮೇಷ್ಟ್ರ ಹೆಂಡತಿ. ಚೌಕಟ್ಟು ಮೂಗಿನ ಮೇಲಿದ್ದಂತೆಯೇ ಕೇಳಿದರು, "ನಿಮ್ಮನೇಲಿ ಹೇಳಿದೀಯಾ?"

ಹುಡುಗಿ ಗಾಜುಗಳನ್ನು ಒಂದೊಂದಾಗಿ ಪೆಟ್ಟಿಗೆಯಲ್ಲಿ ಜೋಡಿಸಿದಳು. "ಹೇಳ್ದೆ. ಅಪ್ಪ ನನ್ನ ಬ್ಯಾಗನ್ನ ರಸ್ತೆಗೆಸೆದ್ರು. ಎದುರು ಮನೆಯೋರು ಎತ್ತಿಕೊಟ್ರು."

"ನಿಮ್ಮಮ್ಮ?"

"ಬಾಗಿಲ ಹಿಂದೆ ನಿಂತಿದ್ರು. ಈಗ ಫೋನ್ ಮಾಡಿದ್ರೆ ಎತ್ತಲ್ಲ."

"ಪುಟ್ಟಿ ಹಾಡು ಕೇಳಿ ನಿಂಗೇನನ್ನಿಸ್ತು?"

"ನಿಜ ಹೇಳ್ಲಾ ಆಂಟಿ? ಹೊಟ್ಟೆಕಿಚ್ಚಾಯ್ತು. ಆಮೇಲೆ ಮಾತಾಡೋಣ ಅಂತಾದ್ರೂ ಅಂದ್ರಲ್ಲ ಅವಳಪ್ಪ, ಅಂತ."

ಮೇಷ್ಟ್ರ ಹೆಂಡತಿ ಚೌಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಬೀಗದ ಅಂಗಡಿಯಿಂದ ಅರ ಉಜ್ಜುವ ಸದ್ದು ಬರುತ್ತಿತ್ತು. "ಪುಟ್ಟಿ ಸರಿಯಾಗಿ ಊಟ ಮಾಡ್ತಿದ್ದಾಳಾ?" ಎಂದು ಕೇಳಿದರು.

"ನಾನು ಅಡುಗೆ ಮಾಡಿದ ದಿನ ಇಲ್ಲ," ಎಂದಳು ಹುಡುಗಿ. ಮೇಷ್ಟ್ರ ಹೆಂಡತಿಗೆ ನಗು ಬಂತು. ಅದನ್ನು ಬಾಯೊಳಗೇ ತಡೆದುಕೊಂಡು ಕನ್ನಡಕಕ್ಕೆ ಫ್ರೇಮು ಆರಿಸತೊಡಗಿದರು.

ಅಂದು ಸಂಜೆ ಮೇಷ್ಟ್ರು ಪಾತ್ರೆ ತೊಳೆಯುತ್ತಿದ್ದಾಗ ಹೆಂಡತಿ ಒಣ ಬಟ್ಟೆ ಹಿಡಿದು ಪಕ್ಕದಲ್ಲಿ ಬಂದು ನಿಂತು, ತಟ್ಟೆ ಒರೆಸತೊಡಗಿದರು. ಅಜ್ಜಿ ರೇಡಿಯೋ ಸಣ್ಣಗೆ ಮಾಡಿ ಕಿವಿ ಇತ್ತ ಕೊಟ್ಟರು.

"ನಾಳೆ ಹೋಗಿ ಅವಳ ಹತ್ರ ಮಾತಾಡಿ," ಎಂದರು ಹೆಂಡತಿ. "ನಿಮ್ಮ ಬದಲು ನಾನು ಮಾತಾಡಲ್ಲ. ನಂದು ನಾನು ಮಾತಾಡ್ಕೋತೀನಿ. ನಿಮ್ಮದು ನೀವು."

"ಏನಂತ ಮಾತಾಡ್ಲಿ?"

"ದಿನವೆಲ್ಲ ಗುರುತಿಲ್ಲದೋರ ಪಕ್ಕ ಕೂತು ಬಾಯಿ ನೋಯೋಷ್ಟು ಮಾತಾಡ್ತೀರಿ. ಹೆದರ್ಬೇಡಿ, ನಾನಿದೀನಿ ಅಂತೀರಿ. ಯಾರ್ಯಾರಿಗೋ."

"ಅದು ಕೆಲಸ ಕಣೇ."

"ಇದೂ ಕೆಲಸಾನೇ ಅಂದ್ಕೊಳ್ಳಿ."

ಮೇಷ್ಟ್ರು ತಟ್ಟೆ ತೊಳೆದು ಕೊಟ್ಟರು. "ನಿಂಗೆ ಸಿಟ್ಟಿಲ್ವಾ ಅವಳ ಮೇಲೆ?"

"ಇದೆ. ಮೈಕಲ್ಲಿ ಹೇಳಿದ್ದಕ್ಕೆ ಇದೆ. ಜನ ಏನಂತಾರೆ ಅಂತ ನಂಗೂ ನಿದ್ದೆ ಬರ್ತಿಲ್ಲ. ಆದ್ರೆ ಆ ಇನ್ನೊಂದು ಹುಡುಗೀನ ಕಂಡುಬಂದೆ. ಮನೆಯೋರು ಬ್ಯಾಗು ರಸ್ತೆಗೆ ಎಸೆದಿದ್ದಾರಂತೆ. ಅಂಥವರ ಸಾಲಲ್ಲಿ ನಾವು ನಿಲ್ಲೋದು ನಂಗಿಷ್ಟ ಇಲ್ಲ."

"ಎಸೆಯೋದು ನಾನು ಯಾವತ್ತಾದ್ರೂ..."

"ಎಸೀಲಿಲ್ಲ. ಅವಳೇ ತುಂಬ್ಕೊಂಡು ಹೋದ್ಲು. ನಾವಿಬ್ರೂ ನೋಡ್ತಾ ನಿಂತಿದ್ವಿ. ನಾನೂ."

ಮಾರನೆಯ ದಿನ ಮೇಷ್ಟ್ರು ಸೂಪರ್ ಮಾರ್ಕೆಟ್ಟಿಗೆ ಹೋದರು. ಒಳಗೆ ಹೋಗಿ ಸೋಪು, ಪುಡಿಗಳ ಸಾಲಿನಲ್ಲಿ ಸುಮ್ಮನೆ ನಡೆದಾಡಿದರು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಬಾಗಿಲಲ್ಲೇ ಕಳಚಿ ಬಿದ್ದಿತ್ತು. ನೆಲ ಒರೆಸುವ ಕೋಲೊಂದನ್ನು ಎತ್ತಿ ಅದರ ಬೆಲೆ ನೋಡುವವರಂತೆ ನಿಂತರು. ತಲೆಯ ಮೇಲಿನ ಸ್ಪೀಕರಿನಲ್ಲಿ ಮಗಳ ದನಿ ಬಂತು.

"ಗ್ರಾಹಕರ ಗಮನಕ್ಕೆ. ಡ್ರೈವಿಂಗ್ ಸ್ಕೂಲಿನ ಬಿಳಿ ಕಾರೊಂದು ಸಾಮಾನಿನ ಲಾರಿಗಳು ಬರುವ ಗೇಟಿಗೆ ಅಡ್ಡ ನಿಂತಿದೆ." ಅಲ್ಲಿ ದನಿ ಒಂದು ಕ್ಷಣ ತಡೆಯಿತು. "ದಯವಿಟ್ಟು ತೆಗೆಯಬೇಕಾಗಿ ವಿನಂತಿ."

ಮೇಷ್ಟ್ರು ಕೋಲು ಬಿಟ್ಟು ಹೊರಗೋಡಿದರು. ಎರಡು ಲಾರಿಗಳು ನಿಂತಿದ್ದವು. ಒಬ್ಬ ಡ್ರೈವರ್ ಬೋರ್ಡನ್ನು ಗಟ್ಟಿಯಾಗಿ ಓದಿ ಇನ್ನೊಬ್ಬನಿಗೆ ತೋರಿಸಿ ನಗುತ್ತಿದ್ದ. ಮೇಷ್ಟ್ರು ಕಾರನ್ನು ಹಿಂದೆ ತೆಗೆದು ಗೋಡೆಯ ಪಕ್ಕಕ್ಕೆ ನಿಲ್ಲಿಸಿದರು. ಅಷ್ಟರಲ್ಲಿ ಪುಟ್ಟಿ ಕೊರಳಲ್ಲಿ ಕೆಲಸದ ಕಾರ್ಡು ತೂಗುಹಾಕಿಕೊಂಡೇ ಬಂದು ಪಕ್ಕದ ಬಾಗಿಲು ತೆಗೆದು ಕೂತಳು.

"ಮೇಷ್ಟ್ರಾಗಿ ಗೇಟಿಗೆ ಅಡ್ಡ ನಿಲ್ಲಿಸ್ತಾರಾ?"

"ಗಮನ ಇರ್ಲಿಲ್ಲ."

"ಏನಕ್ಕೆ ಬಂದೆ ಅಪ್ಪ?"

ಮೇಷ್ಟ್ರು ಎರಡೂ ಕೈಗಳನ್ನು ಸ್ಟಿಯರಿಂಗಿನ ಮೇಲಿಟ್ಟುಕೊಂಡರು. ಕಾರು ನಿಂತೇ ಇತ್ತು.

"ಅವತ್ತು ನೀನು ಹೇಳಿದ್ದು ನಂಗೆ ಕೇಳಿಸ್ತು," ಎಂದರು. "ಹಾರ್ನ್ ಗಲಾಟೇಲಿ ಸರಿಯಾಗಿ ಕೇಳಿಸ್ಲಿಲ್ಲ ಅಂತ ಎಷ್ಟೋ ದಿನ ನಂಗೆ ನಾನೇ ಹೇಳ್ಕೊಂಡೆ. ಸುಳ್ಳು. ಪೂರ್ತಿ ಕೇಳಿಸಿತ್ತು."

"ನಂಗೂ ಗೊತ್ತಿತ್ತು ಕೇಳಿಸಿದೆ ಅಂತ."

"ಏನಂದ್ರೆ ತಪ್ಪಾಗಲ್ಲ ಅಂತ ತೋಚ್ಲಿಲ್ಲ. ನಾಳೆ ಹೇಳೋಣ ಅಂತ ಬಿಟ್ಟೆ. ಬಿಟ್ಟಷ್ಟೂ ಕಷ್ಟ ಆಗ್ತಾ ಹೋಯ್ತು. ನಿಮ್ಮಮ್ಮಂಗೂ ಹೇಳ್ಲಿಲ್ಲ. ಅವಳು ನಿನ್ನ ಬೈತಾಳೆ ಅಂತಲ್ಲ. ನೀವೇನಂದ್ರಿ ಅಂತ ನನ್ನ ಕೇಳ್ತಾಳೆ ಅಂತ."

ಪುಟ್ಟಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು.

"ಹಾಡಲ್ಲಿ ಒಂದು ತಪ್ಪಿದೆ," ಎಂದರು ಮೇಷ್ಟ್ರು.

"ಏನು?"

"ನಾನು ಮಗಳೇ ಅಂದಿರ್ಲಿಲ್ಲ. ಹಸಿರು ಬಂತು, ಹೊರಡು ಅಂದೆ. ಅಷ್ಟೇ."

"ಗೊತ್ತು. ಅದನ್ನ ನಾನು ಸೇರಿಸ್ದೆ. ಅದಿಲ್ಲದೆ ಹಾಡಿ ನೋಡ್ದೆ. ಟ್ರಾಫಿಕ್ ಪೊಲೀಸ್ ಗದರಿಸಿದ ಹಾಗೆ ಕೇಳ್ತಿತ್ತು."

ಮೇಷ್ಟ್ರು ನಕ್ಕರು. ನಕ್ಕವರು ಹಾಗೇ ಮುಖವನ್ನು ತೋಳಿಗೆ ಒರೆಸಿಕೊಂಡರು. ಲಾರಿಯಿಂದ ಈರುಳ್ಳಿ ಚೀಲಗಳು ದಬದಬ ಇಳಿಯುತ್ತಿದ್ದವು.

"ನಂಗಿನ್ನೂ ಪೂರ್ತಿ ಅರ್ಥ ಆಗಿಲ್ಲ ಮಗಳೇ. ಭಯಾನೂ ಇದೆ. ರಸ್ತೇಲಿ ಯಾರಾದ್ರೂ ನಿಂಗೆ ಏನಾದ್ರೂ ಅಂದ್ರೆ, ಮಾಡಿದ್ರೆ ಅಂತ. ಆದ್ರೆ ನೀನು ಮನೇಲಿಲ್ಲದೆ ಊಟಾನೇ ಸೇರಲ್ಲ. ಭಾನುವಾರ ಬಾ. ಅವಳನ್ನೂ ಕರ್ಕೊಂಡು ಬಾ."

"ಅಮ್ಮ ಕರೆದ್ಲಾ?"

"ಮಾತಾಡು ಅಂದಿದ್ದು ಅವಳು. ಊಟಕ್ಕೆ ಕರೀತಿರೋದು ನಾನು. ಮನೆಗೆ ಹೋಗಿ ಹೇಳ್ತೀನಿ."

"ಈ ಸಲ ಅಮ್ಮಂಗೆ ಹೇಳೋದು ಮರೀಬೇಡ," ಎಂದು ಪುಟ್ಟಿ ಕಾರಿಂದ ಇಳಿದಳು. ಮೈಕಿನ ಮುಂದೆ ಅವಳ ಜಾಗ ಖಾಲಿಯಿತ್ತು.

ಭಾನುವಾರ ಇಬ್ಬರೂ ಬಂದರು. ಕನ್ನಡಕದ ಹುಡುಗಿ ಕೈಯಲ್ಲಿ ಹಣ್ಣು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಚಪ್ಪಲಿ ಎಲ್ಲಿ ಬಿಡುವುದು ಎಂದು ಮೂರು ಸಲ ಕೇಳಿದಳು. ಅಜ್ಜಿ ಅವಳನ್ನು ಪಕ್ಕ ಕೂರಿಸಿಕೊಂಡು, ಕಿವಿ ಹಿಂದೆ ಮತ್ತೆ ಒತ್ತುತ್ತಿದೆ ಎಂದು ಕನ್ನಡಕ ಬಿಚ್ಚಿ ಕೊಟ್ಟರು. ಒತ್ತುತ್ತಿರಲಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಹುಡುಗಿ ಚೀಲದಿಂದ ಸಣ್ಣ ಇಕ್ಕಳ ತೆಗೆದಳು. ಕೆಲಸ ಸಿಕ್ಕಿದ ಮೇಲೆ ಅವಳ ಮುಖ ಸಡಿಲವಾಯಿತು.

ಊಟದ ಹೊತ್ತಿಗೆ ಜಗಳವೂ ಆಯಿತು.

"ಮುಂದಿನ ಹಾಡಲ್ಲಿ ನನ್ನ ತರಬೇಡ," ಎಂದರು ಅಮ್ಮ.

"ತಂದ್ರೆ ಮೊದ್ಲು ನಿಂಗೆ ಹಾಡಿ ತೋರಿಸ್ತೀನಿ."

"ತರಲೇಬೇಡ ಅಂದೆ."

"ನನ್ನ ತಾ," ಎಂದರು ಅಜ್ಜಿ. "ನಂದೇನೂ ಗುಟ್ಟಿಲ್ಲ."

"ಜನ ಕೇಳಿದ್ರೆ ನಾನೇನು ಹೇಳ್ಲಿ? ಲ್ಯಾಬಲ್ಲಿ ದಿನಾ ಕೇಳ್ತಾರೆ."

"ಮುಷ್ಟಿ ಬಿಗಿಹಿಡೀರಿ ಅನ್ನು," ಎಂದರು ಮೇಷ್ಟ್ರು. ಅವರು ಅಷ್ಟು ಬೇಗ ಉತ್ತರ ಕೊಟ್ಟದ್ದನ್ನು ನೋಡಿ ಎಲ್ಲರೂ ಅವರ ಕಡೆ ತಿರುಗಿದರು. ಮೇಷ್ಟ್ರು ಅನ್ನ ಕಲಸುವುದರಲ್ಲಿ ಮುಳುಗಿದರು.

ಕನ್ನಡಕದ ಹುಡುಗಿ ಹಾಕಿದ್ದೆಲ್ಲ ತಿಂದಳು. ಬದನೆಕಾಯಿ ಹೋಳುಗಳನ್ನು ಮಾತ್ರ ಯಾರಿಗೂ ಕಾಣದಂತೆ ತಟ್ಟೆಯ ಅಂಚಿಗೆ ಸರಿಸಿ, ಮೇಲೆ ಸ್ವಲ್ಪ ಅನ್ನ ಮುಚ್ಚಿದಳು. ಮೇಷ್ಟ್ರ ಹೆಂಡತಿ ಅದನ್ನು ನೋಡಿದರು.

ಕೈ ತೊಳೆದ ಮೇಲೆ ಆಕೆ ಹುಡುಗಿಯನ್ನು ಅಡುಗೆಮನೆಗೆ ಕರೆದರು.

"ನಿಮ್ಮಮ್ಮನ ನಂಬರು ಹೇಳು."

"ಎತ್ತಲ್ಲ ಆಂಟಿ."

"ನಿನ್ನ ನಂಬರು ನೋಡಿ ಎತ್ತಲ್ಲ. ನಂದು ಅವರಿಗೆ ಗೊತ್ತಿಲ್ಲ."

ಹುಡುಗಿ ಪುಟ್ಟಿಯ ಕಡೆ ನೋಡಿದಳು. ಪುಟ್ಟಿ ಭುಜ ಹಾರಿಸಿದಳು. ನಂಬರು ಹೇಳುತ್ತ ಹುಡುಗಿಯ ದನಿ ಕೊನೆಗೆ ಬರುವಷ್ಟರಲ್ಲಿ ಕುಗ್ಗಿಹೋಗಿತ್ತು. ಮೇಷ್ಟ್ರ ಹೆಂಡತಿ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದರು. ಅತ್ತ ಗಂಟೆ ಬಾರಿಸುತ್ತಲೇ ಇತ್ತು. ಇನ್ನೇನು ನಿಲ್ಲಬೇಕು ಅನ್ನುವಾಗ ಯಾರೋ ಎತ್ತಿದರು.

"ಹಲೋ, ಯಾರು?"

ಹೆಂಗಸಿನ ದನಿ. ಕನ್ನಡಕದ ಹುಡುಗಿ ಗೋಡೆಗೆ ಒರಗಿದಳು.

"ನಮಸ್ಕಾರ. ನಿಮಗೆ ನನ್ನ ಗುರುತಿಲ್ಲ. ನಿಮ್ಮ ಮಗಳು ಇವತ್ತು ನಮ್ಮನೆಗೆ ಊಟಕ್ಕೆ ಬಂದಿದ್ಲು. ಚೆನ್ನಾಗಿದ್ದಾಳೆ. ಅಷ್ಟು ಹೇಳೋಣ ಅಂತ ಮಾಡ್ದೆ."

ಅತ್ತ ಕಡೆ ಮಾತಿಲ್ಲ. ಫೋನು ಇಟ್ಟ ಸದ್ದೂ ಇಲ್ಲ. ದೂರದಲ್ಲಿ ಕುಕ್ಕರ್ ಕೂಗಿದ್ದು ಕೇಳಿತು. ಬಾಗಿಲಲ್ಲಿ ಮೇಷ್ಟ್ರು ಒದ್ದೆ ಕೈ ಹಾಗೇ ಹಿಡಿದು ನಿಂತಿದ್ದರು.

ಮೇಷ್ಟ್ರ ಹೆಂಡತಿ ಮಾತು ನಿಲ್ಲಿಸಲಿಲ್ಲ. ಪಕ್ಕದ ಮನೆಯವರೊಡನೆ ಹರಟುವ ದನಿಯಲ್ಲೇ ಹೇಳಿದರು. "ಎರಡನೇ ಸಲ ಹಾಕಿಸ್ಕೊಂಡ್ಲು. ಸಂಕೋಚ ಜಾಸ್ತಿ. ಎಲ್ಲಾ ತಿಂದ್ಲು, ಬದನೆಕಾಯಿ ಮಾತ್ರ ಬಿಟ್ಲು. ನಾನು ಸರಿಯಾಗಿ ಬೇಯಿಸಿಲ್ವೇನೋ ಅಂತ."

"ಇಲ್ಲ ಇಲ್ಲ, ಹಾಗಲ್ಲ," ಎಂದಿತು ಆ ಕಡೆಯ ದನಿ, ಪಕ್ಕದಲ್ಲಿ ಯಾರಾದರೂ ಕೇಳಿಸಿಕೊಂಡಾರೆಂಬಂತೆ ತೀರಾ ಮೆಲ್ಲಗೆ. "ಅವಳಿಗೆ ಬದನೆಕಾಯಿ ಆಗಲ್ಲ. ಚಿಕ್ಕೋಳಿದ್ದಾಗಿಂದ ಆಗಲ್ಲ. ಬಾಯೆಲ್ಲ ತುರಿಕೆ ಬರತ್ತೆ. ದಯವಿಟ್ಟು ಹಾಕ್ಬೇಡಿ."